ಒಂದು ಘಾಟಿ ಇಳಿದು, ಇನ್ನೊಂದು ಹತ್ತಿ

ಪಶ್ಚಿಮ ಘಟ್ಟವನ್ನು ಅರಿಯಬೇಕೆನ್ನುವವರು ಒಂದು ಘಾಟಿ ಇಳಿದು ಅದನ್ನೇ ಹತ್ತಿ ಮನೆಗೆ ಬರಬಾರದು. ಒಂದರಲ್ಲಿ ಇಳಿಯಬೇಕು, ಕೆಳಗೆ ತೋಟ ಗದ್ದೆಗಳ ನಡುವೆ ಒಂದಿಷ್ಟು ದೂರ ಬಡಗಣಕ್ಕೆ ಸಾಗಬೇಕು, ಮುಂದಿನದರಲ್ಲಿ ಹತ್ತಬೇಕು, ಮಲೆನಾಡಿನೊಳಗೆ ಸುತ್ತಿ ಅದರಾಚೆಯದರಲ್ಲಿ ಮತ್ತೆ ಇಳಿಯಬೇಕು. ಬಟ್ಟೆಯ ಎರಡು ಅಂಚನ್ನು ಸೂಜಿ ಕೂಡಿಸುವಂತೆ ಘಟ್ಟದ ಮೇಲನ್ನೂ ಕೆಳಗನ್ನೂ ಹೊಲಿಯುತ್ತ ಹೋಗುವ ಪ್ರಯಾಣ ಇದು. ಮೂಡಿಗೆರೆಯಿಂದ ಹೊರಟು ಯಲ್ಲಾಪುರ ಮುಟ್ಟುವವರೆಗೆ ಹೀಗೆ ಚಾರ್ಮಾಡಿ, ಕುದುರೆಮುಖ, ಆಗುಂಬೆ, ಹುಲಿಕಲ್, ಗೇರುಸೊಪ್ಪೆ, ಅರಬೈಲು ಎಂದು ಇಳಿದು ಹತ್ತಿದ ಮೇಲೆ, ಯಾರು ಘಾಟಿ ನೋಡಲು ದಾರಿ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಸಾಧ್ಯವಾದರೆ ಬೈಕಿನಲ್ಲಿ ಹೋಗಿ ಎಂದೂ ಸೇರಿಸುತ್ತೇನೆ.

ಬೈಕು ಏಕೆಂದರೆ, ಘಾಟಿಯಲ್ಲಿ ಬದಲಾಗುವುದು ನೋಟಕ್ಕಿಂತ ಹೆಚ್ಚಾಗಿ ಹವೆ. ಸಾವಿರ ಮೀಟರ್ ಇಳಿದರೆ ಸುಮಾರು ಆರೂವರೆ ಡಿಗ್ರಿ ಸೆಖೆ ಏರುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಬೈಕಿನ ಮೇಲೆ ಆ ಲೆಕ್ಕ ಕುತ್ತಿಗೆಗೂ ಮಣಿಕಟ್ಟಿಗೂ ಗೊತ್ತಾಗುತ್ತದೆ. ಮೇಲಿನ ತಿರುವುಗಳಲ್ಲಿ ಜಾಕೆಟ್ಟಿನ ಜಿಪ್ಪು ಗಂಟಲವರೆಗೆ ಏರಿರುತ್ತದೆ, ಅರ್ಧ ಇಳಿಯುವಷ್ಟರಲ್ಲಿ ಎದೆಯವರೆಗೆ ಜಾರಿರುತ್ತದೆ, ಕೆಳಗಿನ ಮೊದಲ ಮನೆಯ ಹೆಂಚು ಕಾಣುವಾಗ ಬೆನ್ನು ಬೆವರಿನಲ್ಲಿ ಒದ್ದೆ. ಮೇಲೆ ಕೊಳೆತ ಎಲೆಯ ವಾಸನೆ, ನಡುವೆ ಯಾವುದೋ ಲಾರಿಯ ಕಾದ ಬ್ರೇಕಿನ ಕಮಟು, ಕೆಳಗೆ ತೆಂಗಿನ ಸಿಪ್ಪೆಯ ಹೊಗೆ. ಗಾಜು ಏರಿಸಿದ ಕಾರಿನಲ್ಲಿ ಇವು ಯಾವುವೂ ಒಳಗೆ ಬರುವುದಿಲ್ಲ.

ಹೋಗಬೇಕಾದ ಕಾಲ ಮಳೆ ಹಿಂದೆಗೆಯುವ ಸೆಪ್ಟೆಂಬರ್ ಕೊನೆ. ಆಟಿ ಮುಗಿದಿರುತ್ತದೆ, ಝರಿಗಳು ಬತ್ತಿರುವುದಿಲ್ಲ, ಮಂಜು ಬೆಳಿಗ್ಗೆ ಮಾತ್ರ ಕಾಡುತ್ತದೆ. ಜುಲೈಯಲ್ಲಿ ಘಾಟಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಆಗ ಆ ರಸ್ತೆಗಳು ಅಲ್ಲಿನವರಿಗೇ ಸಾಲುವುದಿಲ್ಲ. ಕುಸಿದ ಮಣ್ಣು ತೆಗೆಯುವ ಜೆಸಿಬಿಯ ಹಿಂದೆ ಆಂಬುಲೆನ್ಸು ಕಾಯುತ್ತ ನಿಂತಿರುವಲ್ಲಿ ನಮ್ಮ ವಿಹಾರಕ್ಕೆ ಜಾಗವಿಲ್ಲ.

ನನ್ನದು ಹಳೆಯ ಯೆಜ್ಡಿ ರೋಡ್‌ಕಿಂಗ್. 1961ರಲ್ಲಿ ಬೈಕು ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಒದ್ದು ಸ್ಟಾರ್ಟು ಮಾಡುವ ಕಿಕ್ಕರ್ರೇ ಮಡಚಿದರೆ ಗೇರಿನ ಲಿವರ್ ಆಗುವ ಆ ಯಂತ್ರವನ್ನು ನಾನು ಮನಸಾರೆ ಪ್ರೀತಿಸುತ್ತೇನೆ. ಆದರೆ ಅದು ಟೂ ಸ್ಟ್ರೋಕು. ಘಾಟಿ ಇಳಿಯಲು ಬೇರೆ ಎಚ್ಚರ ಬೇಕು. ಅದರ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬೆರೆತೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಪೆಟ್ರೋಲು ಕಡಿಮೆಯಾಗುತ್ತದೆ, ಅದರೊಂದಿಗೆ ಎಣ್ಣೆಯೂ. ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಒಳಗೆ ಪಿಸ್ಟನ್ ಒಣಗಿ ಹಿಡಿದುಕೊಳ್ಳದಂತೆ ಆಗಾಗ ಕ್ಲಚ್ಚು ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ಕೊಡಬೇಕು. ಟೂ ಸ್ಟ್ರೋಕಿಗೆ ಎಂಜಿನ್ ಹಿಡಿತವೂ ಕಡಿಮೆ, ಹಾಗಾಗಿ ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ಮು ಕಾದರೆ ಬ್ರೇಕು ಸಡಿಲ. ಅದಕ್ಕೇ ಪ್ರತಿ ನಾಲ್ಕೈದು ತಿರುವಿಗೊಮ್ಮೆ ನಿಲ್ಲುತ್ತೇನೆ. ನಿಂತಲ್ಲೆಲ್ಲ ಏನಾದರೂ ಕಾಣುತ್ತದೆ, ಯಾರಾದರೂ ಸಿಗುತ್ತಾರೆ. ನನ್ನ ಜೊತೆಗೆ ಬಂದ ಗೆಳೆಯನದು ಹೊಸ ಬುಲೆಟ್ಟು. ಅವನಿಗೆ ನಿಲ್ಲುವ ಅಗತ್ಯವಿಲ್ಲದಿದ್ದರೂ ನಿಲ್ಲುತ್ತಿದ್ದ.

ಕೊಟ್ಟಿಗೆಹಾರದಲ್ಲಿ ಬೆಳಗಿನ ನೀರುದೋಸೆ ತಿನ್ನದೆ ಚಾರ್ಮಾಡಿ ಇಳಿಯುವವರು ಕಡಿಮೆ. ಎದುರಿನ ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಹೆಲ್ಮೆಟ್ಟು, ಬ್ಯಾಗುಗಳನ್ನು ನೋಡಿ ಮಾತಿಗಿಳಿದರು. ಇಪ್ಪತ್ತು ಮೂವತ್ತು ವರ್ಷ ಇದೇ ಘಾಟಿಯಲ್ಲಿ ಲಾರಿ ಓಡಿಸಿದವರು, ಮಂಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಮೂಟೆ ಇಳಿಸಿದವರು.

"ನೀವೆಲ್ಲ ನೋಡೋಕೆ ಬರ್ತೀರಿ. ಬನ್ನಿ, ಬೇಡ ಅನ್ನಲ್ಲ. ಆದ್ರೆ ಈ ರೋಡು ಮಾಡಿದ್ದು ನೋಡೋಕಲ್ಲ ಸ್ವಾಮಿ, ಲೋಡಿಗೆ," ಎಂದರು. ಆಮೇಲೆ ನನ್ನ ಬೈಕಿನ ಕಡೆ ಕೈ ತೋರಿಸಿ, "ಯಾವ ಗೇರಲ್ಲಿ ಹತ್ತಬೋದು ಅನಿಸುತ್ತೋ ಅದೇ ಗೇರಲ್ಲಿ ಇಳೀರಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸೋಕೆ ಹೋಗ್ಬೇಡಿ," ಎಂದು ಎಚ್ಚರಿಸಿದರು.

ಎರಡನೆಯ ಮಾತು ನನಗೆ ಗೊತ್ತಿತ್ತು. ಮೊದಲನೆಯದು ಉಳಿದ ದಾರಿಯುದ್ದಕ್ಕೂ ಜೊತೆಗೆ ಬಂತು. ಲೋಡಿಗೆ. ಹಾಗಾದರೆ ಯಾವ ಘಾಟಿ ಯಾವ ಹೊರೆಗಾಗಿ ಹುಟ್ಟಿತು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಪ್ರತಿ ತಿರುವೂ ನನಗೆ ಬೇರೆಯಾಗಿಯೇ ಕಂಡಿತು. ಎತ್ತಿನ ಬೆನ್ನ ಮೇಲೆ ಹೇರು ಹೇರಿಕೊಂಡು ಉಪ್ಪು, ಒಣಮೀನು, ತೆಂಗು ಮೇಲೆ ಹತ್ತಿದ, ಮೆಣಸು, ಅಡಿಕೆ, ಬೆಲ್ಲ ಕೆಳಗಿಳಿದ ದಾರಿಗಳಿವು. ಹೇರೆತ್ತು ಕಾಲೂರಿದ ಜಾಡು ಮೊದಲು, ಗಾಡಿಯ ದಾರಿ ಆಮೇಲೆ, ಡಾಂಬರು ಕೊನೆಗೆ.

ಕೊಟ್ಟಿಗೆಹಾರದ ಹತ್ತಿರ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತದೆ. ಅಲ್ಲಿ ಬಿದ್ದ ಮಳೆ ಕಾವೇರಿ ಸೇರಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ತುಸುವೇ ಪಶ್ಚಿಮಕ್ಕೆ, ಚಾರ್ಮಾಡಿಯ ಮೊದಲ ತಿರುವುಗಳ ಕೆಳಗೆ ಬಿದ್ದ ಹನಿ ಮೃತ್ಯುಂಜಯ ಹೊಳೆಗೆ ಇಳಿದು, ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರವಾಗುತ್ತದೆ. ಒಂದೇ ಮೋಡದ ನೀರಿಗೆ ಎರಡು ಕಡಲು. ಇದನ್ನು ನಕ್ಷೆಯಲ್ಲಿ ನೋಡಿ ತಿಳಿದದ್ದೇ ಬೇರೆ. ಒದ್ದೆ ರಸ್ತೆಯ ಮೇಲೆ ಹರಿಯುವ ನೀರು ಇಷ್ಟು ಹೊತ್ತು ಹಿಂದಕ್ಕೆ ಹೋಗುತ್ತಿದ್ದದ್ದು ಈಗ ನಮ್ಮ ಚಕ್ರದ ಜೊತೆಗೇ ಮುಂದಕ್ಕೆ ಓಡತೊಡಗಿದ್ದನ್ನು ಕಂಡಾಗ ಆದ ರೋಮಾಂಚನವೇ ಬೇರೆ. ಗೆಳೆಯ ಬುಲೆಟ್ಟು ನಿಲ್ಲಿಸಿ, "ನೋಡು ಮಾರಾಯ, ಇಲ್ಲೇ ತಿರುಗಿತು," ಎಂದು ಕೂಗಿದ. ಆ ಜಾಗಕ್ಕೆ ಫಲಕವಿರಲಿಲ್ಲ. ಮೋರಿಯ ಕಟ್ಟೆ, ಅದರ ಮೇಲೆ ಪಾಚಿ, ಒಂದು ಮರಕೆಸುವಿನ ಗಿಡ.

ನಡುದಾರಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ. ಬಸ್ಸಿನವರು, ಲಾರಿಯವರು ನಿಂತು ಕೈಮುಗಿದು, ಕಾಣಿಕೆ ಹಾಕಿ ಮುಂದೆ ಹೋಗುತ್ತಾರೆ. ಹುಲಿಕಲ್ ಘಾಟಿಗೆ ಚಂಡಿಕಾಂಬೆ, ದೇವಿಮನೆಗೆ ದೇವಿ. ಹೊರೆ ಹೊತ್ತವರ ದಾರಿಯಲ್ಲಿ ಕಾಯುವವರು ಒಬ್ಬರಿರಲೇಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಹತ್ತಾರು ಕಡೆ ಜರಿದು ಬಿದ್ದಿತ್ತು. ಆ ಗಾಯಗಳು ಬೆಟ್ಟದ ಮೈಮೇಲೆ ಇವತ್ತಿಗೂ ಕೆಂಪಗೆ ಕಾಣುತ್ತವೆ. ಒಂದೊಂದು ಗಾಯದ ಕೆಳಗೂ ಹೊಸ ಕಾಂಕ್ರೀಟು ತಡೆಗೋಡೆ. ಗೋಡೆಗಿಂತ ಅದರ ಪಕ್ಕದಲ್ಲಿ ತಾನಾಗಿ ಹುಟ್ಟಿದ ಕುರುಚಲು ಮಣ್ಣನ್ನು ಹೆಚ್ಚು ಭದ್ರವಾಗಿ ಹಿಡಿದ ಹಾಗೆ ನನಗೆ ಕಂಡಿತು.

ಉಜಿರೆ, ಬೆಳ್ತಂಗಡಿ. ಬಲಕ್ಕೆ ತೋಟಗಳ ಮೇಲೆ ಒಂಟಿಯಾಗಿ ಎದ್ದು ನಿಂತ ಗಡಾಯಿಕಲ್ಲು; ಅದರ ನೆತ್ತಿಯ ಮೇಲೆ 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ. ಘಾಟಿಯಿಂದ ಇಳಿಯುವವರನ್ನೂ ಕಡಲಿಂದ ಬರುವವರನ್ನೂ ಒಂದೇ ಬಂಡೆಯಿಂದ ಕಾಯಬಹುದಾದ ಜಾಗ. ನಾವು ಕಾರ್ಕಳದ ಕಡೆ ತಿರುಗಿ ಬಜಗೋಳಿಯಲ್ಲಿ ಟೀ ಕುಡಿದು ಮಾಳದ ಕಡೆಯಿಂದ ಕುದುರೆಮುಖದ ದಾರಿ ಹಿಡಿದೆವು.

ಈ ಹತ್ತುವಿಕೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಚೆಕ್‌ಪೋಸ್ಟಿನಲ್ಲಿ ಗಾಡಿಯ ನಂಬರು ಬರೆಸಿ ಒಳಹೊಕ್ಕರೆ ರಸ್ತೆಯ ಎರಡೂ ಬದಿ ಕತ್ತಲೆ ಕವಿದಂಥ ಕಾಡು, ಆಮೇಲೆ ಇದ್ದಕ್ಕಿದ್ದಂತೆ ಆಕಾಶ ಬಿಚ್ಚಿಕೊಂಡು ಹುಲ್ಲಿನ ಗುಡ್ಡಗಳು. ಗುಡ್ಡದ ಮಡಿಲುಗಳಲ್ಲಿ ಮಾತ್ರ ಶೋಲಾ ಕಾಡು, ನೆತ್ತಿಯೆಲ್ಲ ಹುಲ್ಲು. ಮಳೆಗಾಲದ ನೀರನ್ನು ಈ ಹುಲ್ಲೂ ಶೋಲೆಯೂ ಹಿಡಿದಿಟ್ಟುಕೊಂಡು ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ಈ ಬೆಟ್ಟಗಳೇ ತವರು.

ಈ ಘಾಟಿಯ ಹೊರೆ ರಸ್ತೆಯ ಮೇಲೆ ಇಳಿಯಲೇ ಇಲ್ಲ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ದುಡ್ಡು ಕೊಡುವುದಾಗಿಯೂ ಅದಿರು ಕೊಳ್ಳುವುದಾಗಿಯೂ ಒಪ್ಪಿದ್ದದ್ದು ಇರಾನಿನ ಷಾ ಸರ್ಕಾರ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಹೋದ. ಅದಿರು ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಬೆಟ್ಟವನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಒಯ್ಯುತ್ತಿದ್ದರು. ಉಳಿದ ರಾಡಿಯನ್ನು ನಿಲ್ಲಿಸಲು ಲಕ್ಯಾ ಹೊಳೆಗೆ ಅಣೆಕಟ್ಟು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೂ ಗಣಿ ನಡೆದೇ ಇತ್ತು. ಕಾಡಿಗಾಗಿ, ಭದ್ರೆಗಾಗಿ ಊರೂರಿನ ಜನ ಹೋರಾಡಿದರು, ಸುಪ್ರೀಂ ಕೋರ್ಟಿಗೆ ಹೋದರು. 2002ರ ತೀರ್ಪಿನ ಪ್ರಕಾರ 2005ರ ಕೊನೆಗೆ ಗಣಿ ನಿಂತಿತು.

ಕುದುರೆಮುಖ ಪೇಟೆಯ ಬೀದಿಗಳಲ್ಲಿ ನಾವು ಬೈಕು ನಿಧಾನ ಮಾಡಿ ಹೋದೆವು. ಸಾಲುಸಾಲು ಕ್ವಾರ್ಟರ್ಸು, ಬಹಳಷ್ಟಕ್ಕೆ ಬೀಗ, ಅಂಗಳದಲ್ಲಿ ಹುಲ್ಲು. ಗಣಿ ನಿಂತದ್ದು ಸರಿಯೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದರೂ ಇಲ್ಲಿ ಶಾಲೆಗೆ ಹೋದ ಮಕ್ಕಳು, ಇಲ್ಲಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಎಷ್ಟು ಜನ ಇದನ್ನು ತಮ್ಮ ಊರು ಎನ್ನುತ್ತಿರಬಹುದು? ಕಾಡು ಉಳಿಯಿತೆಂಬ ಸಂತೋಷದಲ್ಲಿ ಅವರ ಊರು ಹೋಯಿತೆಂಬುದನ್ನು ಮರೆಯಲು ನನಗೆ ಮನಸ್ಸು ಬಾರದು. ಅಣೆಕಟ್ಟಿನ ಹಿಂದೆ ಆ ರಾಡಿ ಇನ್ನೂ ಹಾಗೆಯೇ ಇದೆ. ಇಳಿಯದೆ ಉಳಿದ ಹೊರೆ.

ಮರಳಿ ಎಸ್.ಕೆ. ಬಾರ್ಡರ್ ಎಂಬ ಕವಲಿಗೆ ಬಂದು, ಕೆರೆಕಟ್ಟೆಯ ಕಾಡು ದಾಟಿ, ಶೃಂಗೇರಿ ಸೇರುವ ಹೊತ್ತಿಗೆ ಸಂಜೆ. ಈ ಸೀಮೆಯಲ್ಲಿ ಓಡಾಡಿದವರಿಗೆ ಕೊಪ್ಪದ ಸಹಕಾರ ಸಾರಿಗೆ ನೆನಪಿರುತ್ತದೆ. ನಿಂತುಹೋದ ಖಾಸಗಿ ಬಸ್ ಕಂಪನಿಯೊಂದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ; ಕಾರ್ಮಿಕರೇ ಮಾಲೀಕರು. ಬೆಟ್ಟದ ತುದಿಯ ಒಂಟಿ ಮನೆಯ ಹುಡುಗಿ ಕಾಲೇಜಿಗೆ ಹೋದದ್ದು ಆ ಬಸ್ಸಿನಲ್ಲಿ. 2020ರಲ್ಲಿ ಅದೂ ನಿಂತಿತು. ಮಲೆನಾಡಿನ ರಸ್ತೆಗಳ ಚರಿತ್ರೆ ಬರೆಯುವವರು ಯಾರಾದರೂ ಇದ್ದರೆ ಅರಸರಿಗೆ ಒಂದು ಪುಟ ಕಡಿಮೆ ಮಾಡಿ ಈ ಬಸ್ಸುಗಳಿಗೆ ಕೊಡಬೇಕು.

ಆಗುಂಬೆಯ ಸೂರ್ಯಾಸ್ತದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನಗೆ ಅಲ್ಲಿನ 14 ತಿರುವುಗಳೇ ಮುಖ್ಯ. ದೊಡ್ಡ ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ, ಬಸ್ಸೆಂದರೂ ಮಿನಿಬಸ್ಸು. ಹಾಗಾಗಿ ನಾನು ಕಂಡ ಘಾಟಿಗಳಲ್ಲಿ ಮನುಷ್ಯರನ್ನೇ ಹೊರೆಯಾಗಿ ಹೊತ್ತ ಘಾಟಿ ಇದು. ತೀರ್ಥಹಳ್ಳಿಯಿಂದ ಮಣಿಪಾಲದ ಆಸ್ಪತ್ರೆಗೆ ಹೋಗುವವರು, ಉಡುಪಿಗೆ ಓದಲು ಹೋಗುವವರು, ಕೆಳಗಿನಿಂದ ಮೇಲಕ್ಕೆ ಮದುವೆಗೆ ಬರುವವರು. ತಿರುವುಗಳು ಎಷ್ಟು ಕಡಿದೆಂದರೆ ಮೇಲಿನ ತಿರುವಿನಲ್ಲಿರುವವರ ಚಪ್ಪಲಿ ಕೆಳಗಿನ ತಿರುವಿನವರ ತಲೆಯ ಮಟ್ಟದಲ್ಲಿ. ಹತ್ತುವವರಿಗೆ ದಾರಿ ಬಿಡಬೇಕೆಂಬುದು ಬೆಟ್ಟದ ರಸ್ತೆಯ ನಿಯಮ. ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಎಳೆದುಕೊಳ್ಳುವುದು ಕಷ್ಟ. ಇಳಿಯುವವನಿಗೆ ನಿಲ್ಲಲು ಬ್ರೇಕು ಸಾಕು. ಇಲ್ಲಿನ ಡ್ರೈವರುಗಳು ಇದನ್ನು ಕಣ್ಣಿನಲ್ಲೇ ಮಾತಾಡಿಕೊಳ್ಳುತ್ತಾರೆ. ಹೊರಗಿನಿಂದ ಬರುವ ನಾವು ಕಲಿಯಬೇಕು.

ಬೈಕಿನವರಿಗೆ ಇನ್ನೊಂದು ಪಾಠ. ತಿರುವಿನಲ್ಲಿ ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ. ಪ್ರಪಾತ ನೋಡಿದರೆ ಪ್ರಪಾತದ ಕಡೆಗೇ ಹ್ಯಾಂಡಲು ಎಳೆಯುತ್ತದೆ. ರಸ್ತೆ ಎಲ್ಲಿ ಮುಗಿದು ಮತ್ತೆ ಎಲ್ಲಿ ಕಾಣಿಸುತ್ತದೋ ಅಲ್ಲಿಗೆ ಮುಖ ತಿರುಗಿಸಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಆಗುಂಬೆ, ಬೆಂಗಳೂರಿಗೆ ಬೀಳುವುದು ಸಾವಿರದ ಆಸುಪಾಸು. ಹಾಗಾಗಿ ಇಲ್ಲಿ ರಸ್ತೆಯ ಅಂಚು ದಸರೆಯವರೆಗೂ ಹಸಿರು ಪಾಚಿ. ಚಕ್ರ ಅದರ ಮೇಲೆ ಹೋಗಕೂಡದು. ನೋಡಬೇಕೆನಿಸಿದರೆ ನಿಲ್ಲಬೇಕು, ಇಳಿಯಬೇಕು, ಕಟ್ಟೆಯ ಮೇಲೆ ಕುಳಿತು ಕಣ್ತುಂಬ ನೋಡಬೇಕು. ಕುಳಿತೆವು. ಕೆಳಗೆ ಸೋಮೇಶ್ವರದ ಕಾಡು, ಎಲ್ಲೋ ಒಂದು ಮಂಗಟ್ಟೆ ರೆಕ್ಕೆ ಬಡಿದ ಸದ್ದು. ಈ ಕಾಡಿನಲ್ಲಿ ಕಾಳಿಂಗಗಳಿವೆ. ಅವುಗಳ ಅಧ್ಯಯನಕ್ಕೆಂದು ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಕೇಂದ್ರ ತೆರೆದರು. ಮನೆಯೊಳಗೆ ಬಂದ ಕಾಳಿಂಗವನ್ನು ಹೊಡೆಯದೆ, ಹಿಡಿದು ಬಿಡುವವರನ್ನು ಕರೆಸುವ ಜನ ಇಲ್ಲಿಯವರು. ಈ ಔದಾರ್ಯ ಸುಲಭದ್ದಲ್ಲ. ಹೆಡೆ ಎತ್ತಿದರೆ ಮನುಷ್ಯನ ಸೊಂಟ ಮೀರುವ ಹಾವು ಅದು.

ಹೆಬ್ರಿ, ಸಿದ್ದಾಪುರ, ಹೊಸಂಗಡಿ. ಹೊಸಂಗಡಿ ಮುಟ್ಟುವಾಗ ಮಳೆ ಸುರಿಯಿತು. ರಸ್ತೆ ಬದಿಯ ಅಂಗಡಿಯ ಅಮ್ಮ, "ಹ್ವಾಯ್, ಎಂತಕ್ಕೆ ಮಳ್ಯಂಗ್ ನಿಂತದ್ದ್? ಒಳ್ಗ್ ಬನಿ, ಕೂಕಣಿ," ಎಂದು ಕರೆದು ಟವೆಲು ಕೊಟ್ಟರು. ಬೆಳಿಗ್ಗೆ ಶೃಂಗೇರಿಯಲ್ಲಿ ಕೇಳಿದ ಕನ್ನಡ ಒಂದು, ಇದು ಇನ್ನೊಂದು. ನಡುವೆ ಬಂದದ್ದು ಒಂದೇ ಘಾಟಿ. ಚಾರ್ಮಾಡಿಯ ಕೆಳಗೆ ತುಳು ಕಿವಿಗೆ ಬಿದ್ದಿತ್ತು, ಮುಂದೆ ಹೊನ್ನಾವರದಲ್ಲಿ ಕೊಂಕಣಿ, ಹವಿಗನ್ನಡ ಬೀಳಲಿದ್ದವು. ಊಟವೂ ಹಾಗೆಯೇ. ಮೇಲೆ ಅಕ್ಕಿರೊಟ್ಟಿ, ಕಳಲೆ ಪಲ್ಯ, ಕಡುಬು. ಕೆಳಗೆ ಕುಚ್ಚಲಕ್ಕಿ ಗಂಜಿ, ಗೋಳಿಬಜೆ, ಬಂಗುಡೆ. ಅಮ್ಮ ಕೊಟ್ಟ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಮಳೆ ನೋಡುತ್ತ ಕುಳಿತ ಹೊತ್ತನ್ನು ನಾನು ಇಡೀ ಪ್ರಯಾಣದ ಉತ್ತಮ ಹೊತ್ತುಗಳಲ್ಲಿ ಎಣಿಸುತ್ತೇನೆ. ಹಿಂದೆಲ್ಲ ಈ ಕಡೆಯ ಮನೆಮನೆಯಿಂದ ಕಾಫಿ ತೋಟದ ಕೆಲಸಕ್ಕೆ ಘಟ್ಟ ಹತ್ತಿದವರಿದ್ದರು. ಅಮ್ಮನ ಮಾವನೂ ನಡೆದೇ ಹತ್ತಿದ್ದರಂತೆ. ತಲೆಯ ಮೇಲೆ ಗಂಟು, ಕೈಯಲ್ಲಿ ಕತ್ತಿ.

ಇದೇ ಹೊಸಂಗಡಿಯಿಂದ 1783ರ ಆರಂಭದಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸನ ಸೈನ್ಯ ತೋಪುಗಳನ್ನು ಎಳೆದುಕೊಂಡು ಹುಲಿಕಲ್ ಹತ್ತಿತು. ಮೇಲಿದ್ದದ್ದು ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರ್ ಅದನ್ನು ಗೆದ್ದು ಹೈದರ್‌ನಗರ ಮಾಡಿದ್ದ, ನಮಗೆ ಅದು ನಗರ. ಘಾಟಿಯುದ್ದಕ್ಕೂ ಕಟ್ಟಿದ್ದ ಕಾವಲು ಬುರುಜುಗಳನ್ನು ದಾಟಿ ಇಂಗ್ಲಿಷರು ನಗರ ಹಿಡಿದರು. ಅದೇ ವರ್ಷದ ಬೇಸಿಗೆಯಲ್ಲಿ ಟಿಪ್ಪು ಬಂದು ಮರಳಿ ಪಡೆದ. ಅಷ್ಟೇ ತಿಂಗಳುಗಳಿಗೆ ಎಷ್ಟು ಜೀವ! ನನ್ನ ಯೆಜ್ಡಿಯೇ ಒಂದನೇ ಗೇರಿನಲ್ಲಿ ಏದುಸಿರು ಬಿಡುವ ಆ ಕಡಿದಾದ ತಿರುವಿನಲ್ಲಿ ತೋಪು ಎಳೆದ ಎತ್ತುಗಳನ್ನು ನೆನೆದು ನನಗೆ ಸಂಕಟವಾಯಿತು.

ಈಗ ಈ ಘಾಟಿಯ ಹೊರೆ ಬೆಳಕು. ಹೊಸಂಗಡಿಯ ಬೆಟ್ಟದ ಹೊಟ್ಟೆಯೊಳಗೆ ವಾರಾಹಿಯ ಭೂಗರ್ಭ ವಿದ್ಯುದಾಗಾರವಿದೆ. ಮೇಲೆ ಕಟ್ಟಿ ನಿಲ್ಲಿಸಿದ ನೀರು ಘಟ್ಟದ ಎತ್ತರವನ್ನು ಬೆಟ್ಟದೊಳಗಿನ ಕೊಳವೆಗಳಲ್ಲೇ ಇಳಿದು 460 ಮೆಗಾವಾಟ್ ವಿದ್ಯುತ್ತಾಗುತ್ತದೆ. ನಾವು ಹತ್ತುತ್ತಿದ್ದ ಬೆಟ್ಟದ ಒಳಗೆ ನೀರು ಇಳಿಯುತ್ತಿತ್ತು. ಹೊರಗೆ ಕಾಣುವುದು ತಂತಿ, ಗೋಪುರ, ಮತ್ತು ಅವಕ್ಕಾಗಿ ಕಾಡು ಸವರಿದ ಪಟ್ಟಿ. ಚಂಡಿಕಾಂಬೆಗೆ ಕೈಮುಗಿದು ಮಾಸ್ತಿಕಟ್ಟೆ ಸೇರಿದೆವು. ನಗರದ ಕೋಟೆಯ ಪಕ್ಕದಲ್ಲೇ ರಸ್ತೆ. ಕೋಟೆಯೊಳಗೆ ಮಳೆನೀರು ತುಂಬಿದ ಕೊಳ, ಗೋಡೆಯ ಮೇಲೆ ಮೇಯುವ ದನ.

ಸಾಗರ, ತಾಳಗುಪ್ಪ, ಜೋಗ. ಜೋಗದಲ್ಲಿ ಜನಸಾಗರ, 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯನ್ನು ದೂರದಿಂದಲೇ ನೋಡಿ ಮುಂದೆ ಹೋದೆವು. ಗೇರುಸೊಪ್ಪೆಗೆ ಹೋಗುವ ಮಾಲೇಮನೆ ಘಾಟಿ ಇಳಿದಂತೆ ಶರಾವತಿಯ ಕಣಿವೆ ಎಡಕ್ಕೆ ತೆರೆದುಕೊಳ್ಳುತ್ತದೆ. ಇಲ್ಲಿ ಸಿಂಗಳೀಕಗಳನ್ನು ಕಾಣುವ ಅದೃಷ್ಟ ನಮ್ಮದಾಯಿತು. ಕರಿ ಮೈ, ಮುಖದ ಸುತ್ತ ಬೂದು ಕೇಸರ. ಮರದಿಂದ ಮರಕ್ಕೆ ಹೋಗುವ ಪ್ರಾಣಿ ಅದು. ರಸ್ತೆ ಅಗಲವಾದಷ್ಟೂ ಅದರ ಮರಗಳ ನಡುವೆ ಬಿರುಕು. ಮೇಲೆ ಕೊಂಬೆಗಳು ಕೂಡಿರುವಲ್ಲಿ ದಾಟಿದವು, ಕೂಡದಿರುವಲ್ಲಿ ಅತ್ತಲೇ ಉಳಿದವು. ತಾಯಿಯೊಂದು ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಬಹಳ ಹೊತ್ತು ಆಚೆಯ ಕೊಂಬೆಯನ್ನು ನೋಡುತ್ತ ಕುಳಿತಿತ್ತು. ನಾವು ಎಂಜಿನ್ನು ಆರಿಸಿ, ಅದು ಹಿಂದಕ್ಕೆ ಹೊರಳಿ ಹೋಗುವವರೆಗೆ ನಿಂತೆವು. ಪ್ರಯಾಣಿಕರು ಕೊಡುವ ಚಿಪ್ಸಿಗಾಗಿ ಇವು ರಸ್ತೆಗಿಳಿದು ಚಕ್ರಕ್ಕೆ ಸಿಕ್ಕಿ ಸಾಯುವುದೂ ಇದೆ. ದಯವಿಟ್ಟು ಕೊಡಬೇಡಿ.

ಈ ದಾರಿಯ ಹೊರೆ ಮೆಣಸು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಕಾಡಂಚಿನಲ್ಲಿ ಮರಕ್ಕೆ ಹಬ್ಬಿದ ಬಳ್ಳಿಯ ಕಾಳು ಇಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ, ಅಲ್ಲಿಂದ ಹಡಗಿನಲ್ಲಿ ಯುರೋಪಿಗೆ. ಹೊಳೆಯಾಚೆ ನಗರಬಸ್ತಿಕೇರಿಯ ಕಾಡಿನಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಪಟ್ಟಣವಿತ್ತು. ಇವತ್ತು ಆ ಪಟ್ಟಣವಿಲ್ಲ. ರಸ್ತೆ ಬದಿಯ ಅಡಿಕೆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ಇದೆ, ಹಸಿರು ಗೊಂಚಲು, ಎಳೆಯ ಕಾಳು.

ಕುಮಟೆಯಲ್ಲಿ ಬಲಕ್ಕೆ ತಿರುಗಿದರೆ ದೇವಿಮನೆ ಘಾಟಿ, ಶಿರಸಿ. ಆ ದಾರಿಯಲ್ಲಿ ಒಂದು ಕಾಲಕ್ಕೆ ಧಾರವಾಡ ಸೀಮೆಯ ಹತ್ತಿ ಗಾಡಿಗಟ್ಟಲೆ ಇಳಿದು ಕುಮಟೆಯ ಬಂದರಿನಲ್ಲಿ ಹಡಗೇರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಕುಮಟೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಬಂದರಿನ ಲೆಕ್ಕವೇ ಇತ್ತು. ಕೊನೆಗೆ 1880ರ ದಶಕದ ಕೊನೆಯಲ್ಲಿ ರೈಲು ಮರ್ಮಗೋವಾ ಬಂದರಿಗೆ ಇಳಿಯಿತು. ಹತ್ತಿ ಅತ್ತ ಹೋಯಿತು. ಹೊರೆ ಹೋದ ಮೇಲೆ ಬಂದರು ಮೌನವಾಗುತ್ತದೆ, ಘಾಟಿ ಉಳಿಯುತ್ತದೆ. ದೇವಿಮನೆಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡು ನಾವು ನೇರ ಅಂಕೋಲೆಯ ಕಡೆ ಹೊರಟೆವು.

ಈ ಹೆದ್ದಾರಿಯಲ್ಲಿ ಶಿರೂರು ಬರುತ್ತದೆ. ಒಂದು ಬದಿ ಗಂಗಾವಳಿ ಹೊಳೆ, ಇನ್ನೊಂದು ಬದಿ ಗುಡ್ಡ. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಚಹಾಕ್ಕೆಂದು ನಿಂತಿದ್ದ ಲಾರಿಗಳ ಡ್ರೈವರುಗಳು ಮಣ್ಣಿನೊಂದಿಗೆ ಹೋದರು. ಹೊಳೆಯಾಚೆಯ ಹಳ್ಳಿಗೂ ನೀರು ಎಗರಿ ಮನೆಗಳು ಮುರಿದವು. ಕೇರಳದ ಒಬ್ಬ ಡ್ರೈವರನ ಲಾರಿ ಹೊಳೆಯಡಿಯಿಂದ ಮೇಲೆ ಬಂದದ್ದು ಎರಡು ತಿಂಗಳ ಮೇಲೆ, ಅವನ ದೇಹ ಲಾರಿಯ ಕ್ಯಾಬಿನ್ನಿನೊಳಗೇ ಇತ್ತು.

ನಾವು ಹೆಲ್ಮೆಟ್ಟು ತೆಗೆದು ನಿಂತೆವು. ಯಾವ ಹೊರೆಗೆ ಯಾವ ರಸ್ತೆ ಎಂಬ ನನ್ನ ಪ್ರಶ್ನೆಗೆ ಇಲ್ಲಿ ಇನ್ನೊಂದು ಮುಖ ಕಂಡಿತು. ಹೇರೆತ್ತು ಹತ್ತಿದ ಜಾಡು ಬೆಟ್ಟದ ಸ್ವಭಾವ ನೋಡಿಕೊಂಡು ಸುತ್ತಿ ಬಳಸಿ ಹೋಗುತ್ತಿತ್ತು. ಎತ್ತಿಗೆ ಆಗದ ಏರನ್ನು ದಾರಿಯೂ ಏರುತ್ತಿರಲಿಲ್ಲ. ಈಗ ಹೊರೆಯೂ ದೊಡ್ಡದು, ಅವಸರವೂ ದೊಡ್ಡದು. ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದರೆ ಮೇಲಿನ ಮಣ್ಣಿಗೆ ಕಾಲಿಲ್ಲ. ನಮ್ಮ ಕಡೆಯ ಗುಡ್ಡಗಳ ಮೇಲೆ ಜಂಬಿಟ್ಟಿಗೆಯ ಗಟ್ಟಿ ಟೋಪಿ, ಅದರಡಿ ನೀರು ಕುಡಿದರೆ ಹಿಟ್ಟಾಗುವ ಮೆದು ಮಣ್ಣು. ಮಳೆ ಹೀರಿ ಭಾರವಾದ ದಿನ ಅದು ಕತ್ತರಿಸಿದ ಬಾಯಿಯಿಂದಲೇ ಹೊರಬರುತ್ತದೆ. ನಾಲ್ಕು ಪಥ ಬೇಡವೆಂದು ನಾನು ಹೇಳಲಾರೆ. ಆಂಬುಲೆನ್ಸಿಗೂ ಅಕ್ಕಿಗೂ ರಸ್ತೆ ಬೇಕು. ಆದರೆ ಬೆಟ್ಟವನ್ನು ಇಳಿಜಾರಾಗಿ, ಮೆಟ್ಟಿಲುಮೆಟ್ಟಿಲಾಗಿ ಕಡಿದು, ನೀರಿಗೆ ದಾರಿ ಮಾಡಿ, ಬೇರು ಹಿಡಿಯುವವರೆಗೆ ಕಾಯುವ ತಾಳ್ಮೆಗೆ ತಗಲುವ ಹಣ, ಒಂದು ಚಹಾ ಅಂಗಡಿಯ ಕುಟುಂಬಕ್ಕಿಂತ ಹೆಚ್ಚಿನದೇ? ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇದು. ಆ ರಸ್ತೆಯ ಮೇಲೆ ಸಂತೋಷಕ್ಕಾಗಿ ಓಡಾಡುವ ನಮ್ಮಂಥವರೂ ಕೇಳಬೇಕು.

ಅಂಕೋಲೆಯಿಂದ ಅರಬೈಲು. ಇದು ಪೂರ್ತಿ ಲಾರಿಗಳ ಘಾಟಿ. ಬಂದರಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಬಂದರಿಗೆ ಹಗಲೂ ರಾತ್ರಿ ಸಾಲು. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ದಶಕಗಳಿಂದ ನಡೆದಿದೆ, ಕಾಡಿನ ಪ್ರಶ್ನೆಯೂ ಜೊತೆಗೇ ನಡೆದಿದೆ. ಅಲ್ಲಿಯವರೆಗೆ ಹೊರೆಯೆಲ್ಲ ಈ ಟೈರುಗಳ ಮೇಲೆ. ಕೆಳ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಹತ್ತುವ ಲಾರಿಯ ಹಿಂದೆ ನಾವೂ ನಡಿಗೆಯ ವೇಗದಲ್ಲೇ ಹತ್ತಿದೆವು. ಹಿಂದಿಕ್ಕಲು ಜಾಗ ಸಿಕ್ಕರೂ ಹಿಂದಿಕ್ಕಬೇಕೆನಿಸಲಿಲ್ಲ. ಒಂದು ತಿರುವಿನಲ್ಲಿ ಲಾರಿ ನಿಂತೇಬಿಟ್ಟಿತು. ಕ್ಲೀನರ್ ಹುಡುಗ ಜಿಗಿದು, ಹಿಂದಿನ ಚಕ್ರಕ್ಕೆ ದೊಡ್ಡ ಕಲ್ಲು ಕೊಟ್ಟ. ಎಂಜಿನ್ನು ಗರ್ಜಿಸಿ ಒಂದು ಗೇಣು ಏರಿತು. ಅವನು ಕಲ್ಲನ್ನು ಮತ್ತೆ ಒತ್ತಿದ. ನಮ್ಮತ್ತ ತಿರುಗಿ ಕೈ ಬೀಸಿ, "ಹಿಂದ ನಿಲ್ಲಬ್ಯಾಡ್ರಿ ಅಣ್ಣಾರ, ಬಾಜೂಕ್ ಬರ್ರಿ," ಎಂದು ಕೂಗಿದ. ಹುಬ್ಬಳ್ಳಿ ಕಡೆಯ ಮಾತು. ಇಡೀ ದಾರಿಯಲ್ಲಿ ಕೇಳದಿದ್ದ ಕನ್ನಡ ಇಲ್ಲಿ, ಘಾಟಿಯ ಅರ್ಧದಲ್ಲಿ, ಮೇಲಿನ ಬಯಲಿನಿಂದ ಇಳಿದು ಬಂದಿತ್ತು.

ಬೈಕು ಬದಿಗೆ ನಿಲ್ಲಿಸಿ ನಾವೂ ಕಲ್ಲು ಹೊತ್ತೆವು. ಗೆಳೆಯ ಎಡ ಚಕ್ರಕ್ಕೆ, ನಾನು ಬಲಕ್ಕೆ. ಗೇಣು ಗೇಣಾಗಿ ತಿರುವು ದಾಟಿದ ಮೇಲೆ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಹಾರನ್ನು ಬಾರಿಸಿದ. ಲೋಡು ಏನೆಂದು ಹುಡುಗನನ್ನು ಕೇಳಿದೆ.

"ಉಪ್ಪು ರೀ," ಎಂದ.